ಗೋಧಿ ಬಿಟ್ಟ ಮೇಲೆ ತಿಂದದ್ದು

ಈ ಬೆಳಿಗ್ಗೆ ಅಂಗಡಿಯ ಅಟ್ಟವನ್ನು ಗುಡಿಸುವಾಗ, ದಾರದ ಉಂಡೆಗಳ ಹಿಂದಿನಿಂದ ಹಳೆಯ ಬಿಸ್ಕತ್ತಿನ ಪೊಟ್ಟಣವೊಂದು ಉರುಳಿ ಬಂತು. ಮೇಲೆ ಹಸಿರು ಅಕ್ಷರಗಳಲ್ಲಿ ಗ್ಲುಟನ್ ಇಲ್ಲ ಎಂದು ಬರೆದಿತ್ತು. ಒಂದು ಮೂಲೆ ಹರಿದು ಬಿಸ್ಕತ್ತುಗಳು ಮುಖ ಹೊರಗೆ ಹಾಕಿದ್ದವು. ಅದೇ ಅಟ್ಟದಲ್ಲಿ ಇರುವೆಗಳ ಸಾಲೊಂದು ಸಾಗುತ್ತಿತ್ತು. ಪೊಟ್ಟಣದ ಹತ್ತಿರ ಬಂದದ್ದೇ ಅವು ಸುತ್ತು ಹಾಕಿ ಮುಂದೆ ಹೋಗುತ್ತಿದ್ದವು. ಇರುವೆಗಿರುವ ಬುದ್ಧಿ ನನಗೆ ಎಂಟು ವರ್ಷ ಬರಲಿಲ್ಲವಲ್ಲ ಎಂದು ಏಣಿಯ ಮೇಲೆ ನಿಂತೇ ನಗತೊಡಗಿದೆ.

ಕೆಳಗಿನಿಂದ ನನ್ನ ಹೆಂಡತಿ ರತ್ನ, "ಏಣಿ ಮ್ಯಾಲ ನಗಬ್ಯಾಡ್ರಿ. ಇಳದು ಎಷ್ಟು ಬೇಕಾದ್ರ ಅಷ್ಟು ನಗ್ರಿ" ಎಂದಳು. ಅವಳು ಹಾಗೆ ಹೆದರುವುದಕ್ಕೆ ಕಾರಣವಿದೆ. ನೀವು ಸ್ವಲ್ಪ ಹೊತ್ತು ಈ ಬಟ್ಟೆಯ ಗಂಟಿನ ಮೇಲೆ ಕೂತರೆ ಹೇಳುತ್ತೇನೆ.

ನಾನು ಆಂಧ್ರದ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್. ಕಂಡವರ ಸೊಂಟದ ಅಳತೆ ಕಣ್ಣಲ್ಲೇ ಹೇಳಬಲ್ಲೆ. ಮದುವೆಯಲ್ಲಿ ಹುಡುಗನ ಗುಣ ಎಂಥದ್ದು ಎಂದು ಎಲ್ಲರೂ ವಿಚಾರಿಸುತ್ತಿದ್ದರೆ, ನನಗೆ ಮಾತ್ರ ಅವನು ಮೂವತ್ನಾಲ್ಕೋ ಮೂವತ್ತಾರೋ ಎಂಬ ಯೋಚನೆ. ಆದರೆ ಮೂವತ್ತು ದಾಟಿದ ಮೇಲೆ ನನ್ನದೇ ಸೊಂಟ ಟೇಪಿಗೆ ಸಿಗದಷ್ಟು ಸಣ್ಣಗಾಗತೊಡಗಿತು. ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ದಿನಕ್ಕೆ ಐದಾರು ಬಾರಿ ಓಡುತ್ತಿದ್ದೆ. ಪ್ಯಾಂಟಿಗೆ ಬೆಲ್ಟು, ಬೆಲ್ಟಿಗೆ ಹೊಸ ತೂತು, ಆ ತೂತಿನ ಪಕ್ಕ ಇನ್ನೊಂದು. ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ಕಾಮಾಲೆ ಎಂದರು. ಪಕ್ಕದ ಅಂಗಡಿಯವನು ತೆಲುಗಿನಲ್ಲಿ, ನಿನಗೆ ಸುಖ ಹೆಚ್ಚಾಗಿದೆ ಎಂದ. ಅವನಿಗೆ ನನ್ನ ಸುಖವನ್ನು ಒಂದು ದಿನ ಎರವಲು ಕೊಡುವ ಆಸೆಯಾಗಿತ್ತು.

ಕೊನೆಗೆ ಬಳ್ಳಾರಿಯ ಡಾಕ್ಟರಮ್ಮ ಒಬ್ಬರು ರಕ್ತ ತೆಗೆದು, ಬಾಯಿಂದ ಕೊಳವೆ ಇಳಿಸಿ ನೋಡಿ, ಸೀಲಿಯಾಕ್ ಎಂದು ಹೆಸರು ಹೇಳಿದರು. ಗೋಧಿಯಲ್ಲಿರುವ ಗ್ಲುಟನ್ ಎಂಬ ಅಂಟು ನನ್ನ ಕರುಳಿಗೆ ಆಗುವುದಿಲ್ಲ. ಅದು ಒಳಗೆ ಹೋದರೆ ಕರುಳಿನ ಒಳಪದರ ಸವೆದು, ತಿಂದ ಅನ್ನದ ಸತ್ವ ಮೈಗೆ ಸೇರುವುದಿಲ್ಲ. "ಗೋಧಿ, ಮೈದಾ, ರವೆ, ಬಾರ್ಲಿ ಜೀವನಪೂರ್ತಿ ಬಂದ್. ಒಂದು ಚೂರೂ ಬೇಡ" ಎಂದರು.

"ಪರೋಟಾ?" ಎಂದೆ.

"ಬಂದ್."

"ಪೂರಿ, ಮೇಡಂ? ಹಬ್ಬಕ್ಕೊಂದು?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಉತ್ತರ ಅದರಲ್ಲೇ ಇತ್ತು. ಮರಳಿ ಬರುವಾಗ ಬಸ್ಸಿನಲ್ಲಿ ನಾನು ಕಣ್ಣೊರೆಸಿಕೊಂಡೆ. ರತ್ನ ನನ್ನ ಆಯುಸ್ಸಿನ ಬಗ್ಗೆ ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದಳು. ಪರೋಟಾಕ್ಕೆ ಅತ್ತದ್ದು ಎಂದು ಅವಳಿಗೆ ಇವತ್ತಿಗೂ ಹೇಳಿಲ್ಲ.

ಗೋಧಿ ಬಿಟ್ಟೆ. ತಿಂಗಳೆರಡರಲ್ಲಿ ಹೊಟ್ಟೆ ಸುಮ್ಮನಾಯಿತು. ಓಡಾಟ ನಿಂತಿತು. ಅಲ್ಲಿಗೇ ನಾನು ಗೆದ್ದೆನೆಂದು ತಿಳಿದದ್ದು ನನ್ನ ದಡ್ಡತನ. ಜೋಳದ ಸೀಮೆಯಲ್ಲಿ ಹುಟ್ಟಿದವನಿಗೆ ಜೋಳದ ರೊಟ್ಟಿಯಿದೆಯಲ್ಲ ಎನ್ನುತ್ತೀರಾ? ಅದನ್ನೂ ಬಿಟ್ಟೆ! ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸುತ್ತಾರೆ ಎಂಬ ಭಯ. ಭಯ ಸುಳ್ಳಲ್ಲ, ಆದರೆ ಅದಕ್ಕೆ ಉಪಾಯ ಹುಡುಕುವ ಬದಲು ನಾನು ಹಿಟ್ಟು ಎಂಬ ಪದಾರ್ಥಕ್ಕೇ ಕೈ ಮುಗಿದೆ. ಸೊಪ್ಪು ತಿಂದರೆ ಮತ್ತೆ ಓಡಬೇಕಾದೀತು ಎಂದು ಸೊಪ್ಪು ಬಿಟ್ಟೆ. ಕಾಳು ವಾಯು ಎಂದು ಕಾಳು ಬಿಟ್ಟೆ. ಉಳಿದದ್ದು ಬೆಳ್ಳನೆಯ ಅನ್ನ, ತಿಳಿಸಾರು, ಸಾಬುದಾನೆ, ಆಲೂಗಡ್ಡೆ ಚಿಪ್ಸು. ಜೊತೆಗೆ ಬಳ್ಳಾರಿಯಿಂದ ತರಿಸಿದ ಆ ಬಿಸ್ಕತ್ತು, ಕೇಕು. ಗೋಧಿ ತೆಗೆದ ಜಾಗಕ್ಕೆ ಅವನ್ನು ಮಾಡುವವರು ಪಿಷ್ಟ, ಸಕ್ಕರೆ, ಎಣ್ಣೆ ತುಂಬಿದ್ದರು. ನಾನು ಆ ಪೊಟ್ಟಣದ ಮೇಲೆ ಇಲ್ಲ ಎಂದಿದ್ದನ್ನು ಮಾತ್ರ ಓದುತ್ತಿದ್ದೆ, ಒಳಗೆ ಏನು ಇದೆ ಎಂದು ಒಮ್ಮೆಯೂ ಓದಲಿಲ್ಲ.

ಬೆಲ್ಟಿನ ಹೊಸ ತೂತುಗಳು ಒಂದೊಂದಾಗಿ ಕೆಲಸ ಕಳೆದುಕೊಂಡವು. ಆಮೇಲೆ ಹಳೆಯವೂ. ಇಪ್ಪತ್ತೆಂಟಿದ್ದ ಸೊಂಟ ನಲವತ್ತಕ್ಕೆ ಬಂತು. ಕಂಡವರೆಲ್ಲ "ಈಗ ನೋಡ್ರಿ, ಮಾಸ್ಟರ್ ಹೆಂಗ ತುಂಬ್ಯಾರ!" ಎನ್ನುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ. ಆದರೆ ಒಳಗಿನ ಸುದ್ದಿಯೇ ಬೇರೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಮೊದಲು ದಿನಕ್ಕೆ ಆರು ಬಾರಿ ಹೋಗುತ್ತಿದ್ದವನು ಈಗ ನಾಲ್ಕು ದಿನಕ್ಕೊಮ್ಮೆ ಹೋಗಿ, ಅರ್ಧ ಗಂಟೆ ಕೂತು, ಬರಿಗೈಯಲ್ಲಿ ಎದ್ದು ಬರುತ್ತಿದ್ದೆ. ಆರೋಗ್ಯವಾಗಿದ್ದೇನೆಂದು ಡಾಕ್ಟರಮ್ಮನ ಕಡೆಗೂ ತಲೆ ಹಾಕಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಬಟ್ಟೆಯ ಸುರುಳಿ ಇಳಿಸಲು ಸ್ಟೂಲು ಹತ್ತಿದೆ. ಸ್ಟೂಲೇನೂ ದೊಡ್ಡದಲ್ಲ, ಮೊಣಕಾಲಿನ ಎತ್ತರದ್ದು. ಜಾರಿ, ಬಲಗೈ ಊರಿದೆ. ಹಪ್ಪಳ ಮುರಿದಂಥ ಸದ್ದಾಯಿತು. ಮಣಿಕಟ್ಟು ಮುರಿದಿತ್ತು. ಕತ್ತರಿ ಹಿಡಿಯುವ ಕೈ.

ಬಳ್ಳಾರಿಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಅದೇ ಡಾಕ್ಟರಮ್ಮನ ಮುಂದೆ ಕೂತೆ. ಮೂಳೆಯ ಫೋಟೋ, ರಕ್ತದ ಕಾಗದ ಎರಡನ್ನೂ ನೋಡಿ ಅವರು ಕೇಳಿದ ಮೊದಲ ಮಾತು, "ಗೋಧಿ ಬಿಟ್ಟಿದ್ದು ಸರಿ. ಅದರ ಬದಲು ಏನು ತಿಂದ್ರಿ?"

ನಾನು ಪಟ್ಟಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಮಾಸ್ಟರೇ, ಎಂಟು ವರ್ಷ ನೀವು ಹೊಟ್ಟೆ ತುಂಬಿಸಿದ್ರಿ, ಮೈಗೆ ಏನೂ ಕೊಡಲಿಲ್ಲ. ಕಬ್ಬಿಣ ಇಲ್ಲ, ಕ್ಯಾಲ್ಸಿಯಂ ಇಲ್ಲ, ಫೋಲೇಟ್ ಇಲ್ಲ, ನಾರಿಲ್ಲ. ತೂಕ ಮಾತ್ರ ಇದೆ. ಮೂಳೆ ತೆಳ್ಳಗಾಗಿದೆ." ಆಮೇಲೆ ಇನ್ನೊಂದು ಕಾಗದ ತಿರುವಿ, "ಇನ್ನೂ ಎಲ್ಲಿಂದಲೋ ಸ್ವಲ್ಪ ಗೋಧಿ ಒಳಗೆ ಹೋಗ್ತಾ ಇದೆ" ಎಂದರು. ನಾನು ದೇವರಾಣೆ ಹಾಕಿದೆ. ಅವರು ರಕ್ತದ ಕಾಗದವನ್ನೇ ನಂಬಿದರು.

ಮನೆಗೆ ಬಂದು ಎಡಗೈಯಲ್ಲಿ ಕತ್ತರಿ ಹಿಡಿದು ನೋಡಿದೆ. ಕಾಗದವೂ ನೆಟ್ಟಗೆ ಕತ್ತರಿಸಲಿಲ್ಲ. ಕೈ ಸರಿಯಾಗಿ ಕೂಡದಿದ್ದರೆ ಮುಂದೇನು ಎಂಬ ಚಿಂತೆ ನಮ್ಮಿಬ್ಬರಿಗೂ ಹತ್ತಿತು. ಅಷ್ಟರಲ್ಲಿ ಮಡಕಶಿರಾದಿಂದ ನನ್ನ ಅಕ್ಕ ಹೊನ್ನೂರಮ್ಮ ಬಂದಿಳಿದಳು. ಅವಳನ್ನು ಆ ರಾಗಿಯ ಸೀಮೆಗೆ ಮದುವೆ ಮಾಡಿ ಕೊಟ್ಟು ಮೂವತ್ತು ವರ್ಷವಾಗಿದೆ. ಕುರಿ, ಹೊಲ, ಗಂಡ ಮೂರನ್ನೂ ಒಂದೇ ದನಿಯಲ್ಲಿ ಗದರಿಸಿ ಸಾಕುವವಳು. ನನ್ನ ಹೊಟ್ಟೆಯನ್ನು ಬೆರಳಿನಿಂದ ತಿವಿದು, "ಇದೇನ್ಲಾ ತಮ್ಮ, ಹತ್ತಿ ತುಂಬಿದ ದಿಂಬು ಇದ್ದಂಗೈತೆ" ಎಂದಳು. ಮರುದಿನವೇ ನನ್ನನ್ನು ಬಸ್ಸಿಗೆ ಹತ್ತಿಸಿದಳು.

ಹೊರಡುವಾಗ ರತ್ನ ನನಗಾಗಿ ಅಡುಗೆಯ ಸಾಮಾನನ್ನೆಲ್ಲ ಬೇರೆ ಚೀಲಕ್ಕೆ ತುಂಬಿಕೊಟ್ಟಿದ್ದಳು. ಊರು ಮುಟ್ಟಿದ್ದೇ ಅಕ್ಕ ಅದನ್ನು ಜಗಲಿಯ ಮೇಲೆ ಸುರಿದು ಭಾವನನ್ನು ಕರೆದಳು. ಭಾವ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಬಲ್ಲವರು. ಒಂದೊಂದೇ ಡಬ್ಬಿಯನ್ನು ಬಿಸಿಲಿಗೆ ಹಿಡಿದು ಓದುತ್ತಾ ಬಂದವರು ಇಂಗಿನ ಡಬ್ಬಿಯ ಹತ್ತಿರ ನಿಂತರು.

"ವ್ಹೀ... ಟು. ವ್ಹೀಟು. ವ್ಹೀಟು ಅಂದ್ರೆ ಗೋಧಿ ಅಲ್ವೇನಪ್ಪ?"

ಇಂಗನ್ನು ಪುಡಿ ಮಾಡುವಾಗ ಗೋಧಿಹಿಟ್ಟು ಬೆರೆಸುತ್ತಾರಂತೆ. ಎಂಟು ವರ್ಷ ದಿನಾ ತಿಳಿಸಾರಿನ ಒಗ್ಗರಣೆಯಲ್ಲಿ ನಾನು ಚಿಟಿಕೆ ಚಿಟಿಕೆ ಗೋಧಿ ತಿಂದಿದ್ದೆ! ಅದೂ ಹೊಟ್ಟೆಗೆ ಒಳ್ಳೆಯದೆಂದು ರತ್ನಳಿಗೆ ಹೇಳಿ ಇನ್ನಷ್ಟು ಹಾಕಿಸಿಕೊಂಡು! ನಾನು ನಕ್ಕೆ. ಭಾವ ನಕ್ಕರು. ಅಕ್ಕ ಮಾತ್ರ ನಗದೆ ಡಬ್ಬಿಯನ್ನು ತಿಪ್ಪೆಗೆ ಎಸೆದು, "ನಮ್ಮನೇಲಿ ಬೆಳ್ಳುಳ್ಳಿ ಐತೆ" ಎಂದಳು.

ಮುಂದಿನದು ಗಿರಣಿ. ಅಲ್ಲಿ ರಾಗಿಗೊಂದು, ಗೋಧಿಗೊಂದು ಯಂತ್ರವಿತ್ತು. ಆದರೆ ಜನ ಹೆಚ್ಚಾದಾಗ ಗಿರಣಿಯವನು ಗೋಧಿಯನ್ನೂ ರಾಗಿಯ ಯಂತ್ರಕ್ಕೆ ಸುರಿಯುತ್ತಿದ್ದ. ಅವನು ಬಾಗಿಲು ತೆಗೆಯುವ ಮುಂಚೆಯೇ ಅಕ್ಕ ನನ್ನನ್ನು ಕರೆದುಕೊಂಡು ಹೋಗಿ ಹೊಸ್ತಿಲಲ್ಲಿ ನಿಂತಳು.

"ಯಂತ್ರ ಬಿಚ್ಚಿ ಕಲ್ಲು ತೊಳಿ. ಇನ್ಮೇಲೆ ಇದ್ರಾಗೆ ಗೋಧಿ ಹಾಕಬ್ಯಾಡ."

"ರಾಗಿಗೂ ಮಡಿ ಬಂತಾ ಹೊನ್ನೂರಕ್ಕ?" ಎಂದು ಅವನು ನಕ್ಕ.

ಅಕ್ಕ ನನ್ನ ಪ್ಲಾಸ್ಟರ್ ಕೈಯನ್ನು ಹಿಡಿದು ಅವನ ಮೂಗಿನ ಮುಂದೆ ಎತ್ತಿದಳು. "ನಿನ್ನ ಒಂದ್ ಹಿಡಿ ಗೋಧಿಹಿಟ್ಟು ನಮ್ಮ ಹುಡುಗನ ಮೂಳೆ ತಿಂದೈತೆ ನೋಡು."

ನಲವತ್ತೆರಡು ವರ್ಷದ ಹುಡುಗ ನಾನು ಆದಷ್ಟು ದೀನನಾಗಿ ನಿಂತೆ. ಅವನ ನಗು ನಿಂತಿತು. ಯಂತ್ರ ಬಿಚ್ಚಿದ. ಆಮೇಲೆ ತಾನೇ ಸೀಮೆಸುಣ್ಣದಿಂದ ಅದರ ಮೇಲೆ ರಾಗಿ ಮಾತ್ರ ಎಂದು ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಬರೆದ.

ರೊಟ್ಟಿ ಅಗಿದು ಬೆಳೆದ ನನಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ. ಮೊದಲ ದಿನ ಅಗಿದೆ. ಅದು ಹಲ್ಲಿಗೆ ಅಂಟಿ, ದವಡೆ ಮುಚ್ಚಿ, ನಾನು ಮಾತಾಡಲಾರದೆ ಕಣ್ಣು ಮಿಟುಕಿಸಿದೆ. ಭಾವ ತಮ್ಮ ಮುದ್ದೆಯ ತುಂಡನ್ನು ಸಾರಿನಲ್ಲಿ ಅದ್ದಿ, "ಜಗೀಬ್ಯಾಡ ಕಣಪ್ಪ, ಹಿಂಗೆ ಬಿಡು, ದಾರಿ ಅದಕ್ಕೆ ಗೊತ್ತೈತೆ" ಎಂದು ನುಂಗಿ ತೋರಿಸಿದರು. ನಾಲ್ಕನೆಯ ದಿನಕ್ಕೆ ನನ್ನ ಗಂಟಲೂ ದಾರಿ ಬಿಟ್ಟಿತು. ಹುರುಳಿ ಸಾರು, ನುಗ್ಗೆಸೊಪ್ಪು, ಮೊಟ್ಟೆ, ಮಜ್ಜಿಗೆ, ಸಂಜೆಗೆ ಕಡಲೆಕಾಯಿ, ಎಳ್ಳಿನ ಉಂಡೆ. ಡಾಕ್ಟರಮ್ಮನ ಮಾತ್ರೆಗಳನ್ನು ಅಕ್ಕ ಗಡಿಯಾರ ನೋಡಿ ಕೊಡುತ್ತಿದ್ದಳು. ಬೆಳಿಗ್ಗೆ ಬಿಸಿಲಿನಲ್ಲಿ ಕುರಿಗಳ ಹಿಂದೆ ಕಳಿಸುತ್ತಿದ್ದಳು.

ಹತ್ತನೆಯ ದಿನದ ಬೆಳಿಗ್ಗೆಯನ್ನು ನಾನು ಮರೆಯುವಂತಿಲ್ಲ. ಹಿತ್ತಲಿಗೆ ಹೋದವನು ಐದು ನಿಮಿಷದಲ್ಲಿ ಹೊರಗೆ ಬಂದೆ. ಮೈಯೆಲ್ಲ ಹಗುರ. ಆ ಸಂತೋಷವನ್ನು ಯಾರಿಗೆ ಹೇಳುವುದು? ಅಂಗಳದಲ್ಲಿ ನಿಂತಿದ್ದ ಟಗರಿಗೆ ಹೇಳಿದೆ. ಅದು ಕೇಳಿಸಿಕೊಂಡು ನನ್ನ ಕಡೆಗೆ ನುಗ್ಗಿತು. ನಾನು ಓಡಿದೆ, ಅಂಗಳದ ಸುತ್ತ ಎರಡು ಸುತ್ತು, ನಗುತ್ತಾ, ಪ್ಲಾಸ್ಟರ್ ಕೈ ಎತ್ತಿಕೊಂಡು. ನಿಂತಾಗ ಗೊತ್ತಾಯಿತು, ಏದುಸಿರು ಬಂದಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದವಳು, ಇದ್ದಕ್ಕಿದ್ದಂತೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮಣಿಕಟ್ಟು ಮೊದಮೊದಲು ಬೇರೆ ಯಾರದೋ ಎಂಬಂತಿತ್ತು. ಬಿಸಿನೀರಿನಲ್ಲಿ ಇಟ್ಟು, ಹಳೆಯ ಚಿಂದಿ ಹಿಂಡಿ ಹಿಂಡಿ ಪಳಗಿಸಿದೆ. ಊರಿಗೆ ಮರಳಿ ಮೊದಲು ಕತ್ತರಿಸಿದ್ದು ಭಾವನಿಗಾಗಿ ಒಂದು ಜೀನ್ಸ್ ಪ್ಯಾಂಟು. ಹುಟ್ಟಿದಾರಭ್ಯ ಪಂಚೆ ಬಿಟ್ಟು ಬೇರೆ ಉಡದ ಮನುಷ್ಯ. ಅದನ್ನು ತೊಟ್ಟು, ಕುರಿಗಳು ತನ್ನನ್ನು ಗುರುತಿಸುತ್ತಿಲ್ಲ ಎಂದು ಫೋನಿನಲ್ಲಿ ದೂರಿದರು. ಆದರೆ ಬಿಚ್ಚಿದೆ ಎನ್ನಲಿಲ್ಲ.

ವರ್ಷ ಕಳೆದು ತೋರಿಸಲು ಹೋದಾಗ ಡಾಕ್ಟರಮ್ಮ ಕಾಗದಗಳನ್ನು ನೋಡಿ ಮೊದಲ ಸಲ ನಕ್ಕರು. ರಕ್ತ ಸುಧಾರಿಸಿತ್ತು. ಗೋಧಿಯ ಸುಳಿವು ಹೋಗಿತ್ತು. ಮೂಳೆಗೆ ಇನ್ನೂ ಕಾಲ ಬೇಕು, ದಾರಿ ಸರಿಯಿದೆ ಎಂದರು. ನನ್ನ ಸೊಂಟ ಮೂವತ್ನಾಲ್ಕಕ್ಕೆ ಇಳಿದಿತ್ತು. ಅದನ್ನು ಅವರು ಕೇಳದಿದ್ದರೂ ಹೇಳಿದೆ. ಕೊನೆಗೆ ಅವರೆಂದರು, "ಇದು ಒಡಹುಟ್ಟಿದವರಿಗೂ ಇರಬಹುದು. ನಿಮ್ಮ ಅಕ್ಕನ ರಕ್ತ ನೋಡಬೇಕಲ್ಲ."

ಆಗ ನೋಡಬೇಕಿತ್ತು ಗಿರಣಿ ಗೆದ್ದ ನಮ್ಮಕ್ಕನನ್ನು! ಸೂಜಿ ಎಂದದ್ದೇ ಕುರಿ ಈಯುತ್ತೆ ಎಂದಳು, ಕಡಲೆಕಾಯಿ ಕೀಳಬೇಕು ಎಂದಳು, ಬಸ್ಸಿಲ್ಲ ಎಂದಳು. ನಾನೂ ರತ್ನಳೂ ಹೋಗಿ ಕರೆತಂದೆವು. ಸೂಜಿ ಚುಚ್ಚುವಾಗ ನನ್ನ ಬಲಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ, ಇವತ್ತು ಈ ಮೂಳೆ ತಡೆದರೆ ಇನ್ನು ಯಾವತ್ತೂ ಮುರಿಯುವುದಿಲ್ಲ ಎಂದುಕೊಂಡೆ. ತಡೆಯಿತು.

ಅಕ್ಕನಿಗೆ ಸೀಲಿಯಾಕ್ ಇರುವ ಗುರುತು ಕಾಣಲಿಲ್ಲ. ಆದರೆ ಅವಳ ರಕ್ತದಲ್ಲಿ ಕಬ್ಬಿಣ, ಮುರಿದ ಕೈಯೊಂದಿಗೆ ನಾನು ಹೋದ ದಿನ ನನ್ನಲ್ಲಿದ್ದುದಕ್ಕಿಂತಲೂ ಕಡಿಮೆ ಇತ್ತು. "ನೀವು ಏನು ಊಟ ಮಾಡ್ತೀರಮ್ಮಾ?" ಎಂದು ಡಾಕ್ಟರಮ್ಮ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ಆ ಪ್ರಶ್ನೆಯನ್ನು ಅವಳನ್ನು ಯಾರೂ ಕೇಳಿರಲಿಲ್ಲ. "ಎಲ್ಲಾರ್ದೂ ಆದ್ಮೇಲೆ ಉಳಿದಿದ್ದು" ಎಂದಳು. ನನಗೆ ದಿನಾ ಬಡಿಸಿದ ಸೊಪ್ಪು, ಮೊಟ್ಟೆ, ಎಳ್ಳುಂಡೆ ಕಣ್ಣ ಮುಂದೆ ಬಂದವು. ಆ ಮನೆಯಲ್ಲಿದ್ದಷ್ಟು ದಿನವೂ ಅವಳ ತಟ್ಟೆಯನ್ನು ನಾನು ನೋಡಿಯೇ ಇರಲಿಲ್ಲ. ಕಂಡವರ ಸೊಂಟವನ್ನೆಲ್ಲ ಅಳೆಯುವ ಕಣ್ಣು ಇದು.

ಇವತ್ತು ಅವಳು ನಮ್ಮ ಮನೆಯಲ್ಲಿದ್ದಾಳೆ. ನಾಳೆ ಅವಳ ರಕ್ತ ತೋರಿಸಲು ಮತ್ತೆ ಬಳ್ಳಾರಿಗೆ ಹೋಗಬೇಕು. ಅಟ್ಟ ಗುಡಿಸಿ ಬಂದು ನಾನೇ ಜೋಳದ ರೊಟ್ಟಿ ತಟ್ಟಲು ಕೂತೆ. ನಮ್ಮ ಜೋಳಕ್ಕೆಂದೇ ಮನೆಯಲ್ಲಿ ಪುಟ್ಟ ಹಿಟ್ಟಿನ ಯಂತ್ರ ಇಟ್ಟಿದ್ದೇವೆ. ನನ್ನ ರೊಟ್ಟಿ ದುಂಡಗಿರುವುದಿಲ್ಲ. ಒಂದೊಂದಕ್ಕೂ ಜೇಬು ಹಚ್ಚಿದರೆ ಪ್ಯಾಂಟಿನ ತುಂಡು ಎನ್ನಬಹುದು. ಪುಂಡಿಸೊಪ್ಪಿನ ಪಲ್ಯ, ಮೊಳಕೆ ಹೆಸರುಕಾಳು, ಬೆಣ್ಣೆ ಹಾಕಿ ಅಕ್ಕನಿಗೆ ತಟ್ಟೆ ಇಟ್ಟೆ.

"ನೀನೂ ರತ್ನಾನೂ ಉಣ್ರಿ ಮೊದ್ಲು" ಎಂದು ಅವಳು ಎದ್ದಳು.

ರತ್ನ ಅವಳ ಭುಜ ಹಿಡಿದು ಕೂಡಿಸಿದಳು.

"ನೀವು ಉಣ್ಣದೆ ನಾನೆಂಗ್ಲಾ ಉಣ್ಣಲಿ?"

"ಬಾಯಿಲೆ ಉಣ್ಣು" ಎಂದೆ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ತುತ್ತು ಕೈಯಲ್ಲೇ ಇಟ್ಟುಕೊಂಡು ನಕ್ಕಳು, ನೆತ್ತಿಗೇರಿ ಕೆಮ್ಮಿದಳು, ನೀರು ಕುಡಿದು ಮತ್ತೆ ನಕ್ಕಳು. ಆಮೇಲೆ ಉಂಡಳು. ನಾನು ಹಂಚಿನ ಮೇಲೆ ಎರಡನೆಯ ರೊಟ್ಟಿ ಹಾಕಿದೆ. ಸ್ವಲ್ಪ ಹೊತ್ತಿಗೆ, ತಲೆ ಎತ್ತದೆ, ಮೆಲ್ಲಗೆ ಅವಳು ಬರಿದಾದ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.