ಮಾತ್ರೆ ಇಬ್ಬರಿಗೂ

“ಅಕ್ಕಾ, ಇದನ್ನ ಇಂಗ್ಲಿಷ್‌ನಲ್ಲಿ ಹೇಗ್ ಹೇಳ್ತೀರೋ ಏನೋ, ಕಿಬ್ಬೊಟ್ಟೆ ಹಿಂಡ್ದಂಗಾಗ್ತಿದೆ.”

ಕಳೆದ ತಿಂಗಳು ಇಲ್ಲಿ ಅಮೆರಿಕದಲ್ಲಿ, ಫ್ರೀಮಾಂಟಿನ ಕ್ಲಿನಿಕ್ಕೊಂದರಲ್ಲಿ ನಾನು ದುಭಾಷಿಯಾದದ್ದು ಹೀಗೆ. ಹೇಳಿದವಳು ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಸರೋಜ. (ಹೆಸರು ಬದಲಿಸಿದ್ದೇನೆ. “ಬರೀರಿ, ಆದ್ರೆ ಹೆಸರು ಬೇಡ” ಎಂದವಳು ಅವಳೇ.)

ಎರಡನೇ ಮಗುವಾದ ಮೇಲೆ ಹಾಸನದಲ್ಲೇ ಕಾಪರ್-ಟಿ ಹಾಕಿಸಿಕೊಂಡಿದ್ದಳು. ಎರಡು ವರ್ಷ ಏನೂ ತಕರಾರಿರಲಿಲ್ಲ. ಈಗ ಇದ್ದಕ್ಕಿದ್ದಂತೆ ನೋವು, ಜ್ವರ. ಗಂಡ ನಾಗರಾಜ ಚಿಪ್ ಕಂಪನಿಯ ಎಂಜಿನಿಯರು. ಟೀವಿಯಲ್ಲಿ ಇಂಥ ಸಾಧನಗಳ ಮೇಲಿನ ಕೋರ್ಟು ಕೇಸುಗಳದೇ ಸುದ್ದಿಯಲ್ಲವೇ? “ಎಲ್ಲಾ ಆ ಕಾಪರ್-ಟಿದೇ ಕಿತಾಪತಿ” ಎಂದು ತೀರ್ಪು ಕೊಟ್ಟು ಮೀಟಿಂಗಿಗೆ ಹೋಗಿದ್ದ. ಹಾಗಾಗಿ ಕಾರೂ ನನ್ನದು, ನಾಲಿಗೆಯೂ ನನ್ನದು.

ಡಾಕ್ಟರಮ್ಮ ಪರೀಕ್ಷೆ ಮಾಡಿ ವಿವರಿಸಿದರು. ಕಾಪರ್-ಟಿ ಗರ್ಭಕೋಶದೊಳಗೆ ಸಣ್ಣ ಉರಿಯೂತ ಮಾಡುತ್ತದಂತೆ. ಬಸಿರು ತಡೆಯುವುದರಲ್ಲಿ ಅದಕ್ಕೂ ಪಾಲಿದೆಯಂತೆ. ಆದರೆ ಅದರಿಂದ ಜ್ವರ ಬರುವುದಿಲ್ಲ. ಹಾಕಿಸಿಕೊಂಡ ಹೊಸದರಲ್ಲಾದರೆ ಸೋಂಕಿನ ಭಯ ಉಂಟು. ಎರಡು ವರ್ಷದ ಮೇಲೆ? ಇದು ದೈಹಿಕ ಸಂಬಂಧದಿಂದ ಬಂದು ಮೇಲಕ್ಕೆ ಹತ್ತಿದ ಸೋಂಕಿರಬೇಕು, ಬಿಟ್ಟರೆ ಗರ್ಭನಾಳಗಳೇ ಕೆಡಬಹುದು ಎಂದರು.

ಆಮೇಲೆ ಕೇಳಿದರು: ಇವಳಿಗಾಗಲಿ, ಗಂಡನಿಗಾಗಲಿ ಬೇರೆ ಯಾರ ಜೊತೆಗಾದರೂ ಸಂಬಂಧ ಇದೆಯೇ?

ಇದನ್ನು ಕನ್ನಡದಲ್ಲಿ ಹೇಗಪ್ಪಾ ಕೇಳುವುದು? ಸಾರಿನ ಪುಡಿ, ಮಕ್ಕಳ ಡೇಕೇರು ಅಂತ ಮಾತಾಡಿಕೊಂಡಿದ್ದವರು ನಾವು! ಗೋಡೆ ನೋಡಿಕೊಂಡು ಕೇಳಿದೆ.

ಸರೋಜ ಡಾಕ್ಟರಮ್ಮನ ಕಡೆ ತಿರುಗಿದಳು. “ನಂದು ಇಲ್ಲ ಅಂತ ಹೇಳಿ ಅಕ್ಕ. ಅವರದ್ದು ನಾನು ಹೇಗೆ ಹೇಳ್ಲಿ?”

ಎರಡು ಮಾತನ್ನೂ ಹಾಗ್ಹಾಗೇ ಇಂಗ್ಲಿಷಿಗೆ ತಂದೆ. ಡಾಕ್ಟರಮ್ಮ ಟೆಸ್ಟು ಮಾಡಿಸಿದರು, ಕಾಪರ್-ಟಿ ತೆಗೆದರು, ಮಾತ್ರೆ ಬರೆದರು. ಇಬ್ಬರಿಗೂ.

ಸಂಜೆ ಅವರ ಮನೆಯಲ್ಲಿ ವಿಷಯ ತಿಳಿಸಿದಾಗ ನಾಗರಾಜ ನನ್ನ ಮೇಲೆ ಸಿಡುಕಿದ. “ನನಗ್ಯಾಕ್ರೀ ಮಾತ್ರೆ? ಐ ಆಮ್ ಫೈನ್. ಪ್ರಾಬ್ಲಮ್ಮು ಅವಳದ್ದು.”

ನಾನು ಬಾಯಿ ತೆರೆಯುವ ಮುಂಚೆ ಸರೋಜ ನೀರಿನ ಲೋಟ ತಂದು ಅವನ ಮುಂದಿಟ್ಟಳು. “ತಗೊಳ್ಳಿ. ಇಲ್ಲಾಂದ್ರೆ ನನ್ನ ರೂಮಿಗೆ ಬರ್ಬೇಡಿ.”

ಅವಳ ದನಿ ಅಷ್ಟು ಗಟ್ಟಿಯಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾಗರಾಜ ಅವಳ ಮುಖ ನೋಡಿದ. ನುಂಗಿದ. (ಅಷ್ಟು ಬೇಗ ಒಪ್ಪಿದ್ದೇಕೆ? ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.)

ಜ್ವರ ಇಳಿದಿದೆ. ನಾಳಗಳು ಉಳಿದಿವೆಯೆಂದೇ ಡಾಕ್ಟರಮ್ಮನ ನಂಬಿಕೆ. ಸರೋಜ ಈಗ ಡ್ರೈವಿಂಗ್ ಕಲಿಯುತ್ತಿದ್ದಾಳೆ.

ಮೊನ್ನೆ ಗ್ರೋಸರಿಯಲ್ಲಿ ನಾಗರಾಜ ಸಿಕ್ಕಿದ. “ಅವಳಿಗೆ ಕಾಪರ್-ಟಿ ಒಗ್ಲಿಲ್ಲ ನೋಡಿ” ಎಂದ, ಬೆಂಡೆಕಾಯಿ ಆರಿಸುತ್ತ.

ಪಾಪ, ಆ ತಾಮ್ರಕ್ಕೊಂದು ಬಾಯಿ ಇದ್ದಿದ್ದರೆ?