ವೊರ್ರೇಯಿ ಕಲಿಸುವ ವಸಂತಿ

ನಾಸಿಕದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತ ಹೆಂಗಸಿಗೆ ಇಟಾಲಿಯನ್ ಬರುತ್ತದೆಂದರೆ ಗಿರಾಕಿಗಳು ನಗುತ್ತಾರೆ. ನಗಲಿ. ವೈನ್ ಕಂಪನಿಯ ಕೆಲಸಕ್ಕೆ ಬಂದಿದ್ದ ಇಟಲಿಯ ಮುದುಕನೊಬ್ಬ ಮೂರು ವರ್ಷ ದಿನಾ ಇಡ್ಲಿಗೆ ಬರುತ್ತಿದ್ದ. ವಸಂತಿ ಬಿಲ್ಲಿನ ಹಿಂಬದಿಯಲ್ಲಿ ಅವನ ಮಾತುಗಳನ್ನು ಬರೆದುಕೊಂಡು ಕಲಿತಳು, ಆಮೇಲೆ ಪರೀಕ್ಷೆಗಳನ್ನೂ ಪಾಸು ಮಾಡಿದಳು. ಈಗ ಪ್ರತಿ ಶನಿವಾರ ರೈಲು ಹತ್ತಿ ಹೋಗಿ ಸಂಭಾಜಿನಗರದ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ.

ಮುದುಕ ಮೊದಲು ಕಲಿಸಿದ್ದು ‘ವೊರ್ರೇಯಿ’. ಬೇಕು ಎನ್ನುವುದಕ್ಕೆ ‘ವೊಲ್ಯೊ’ ಇದೆ, ಆದರೆ ಅಂಗಡಿಯಲ್ಲಿ ಹಾಗೆಂದರೆ ಒರಟು. ವೊರ್ರೇಯಿ ಎಂದರೆ ಬೇಕಾಗಿತ್ತು, ಕೊಟ್ಟರೆ ಸಂತೋಷ, ಕೊಡದಿದ್ದರೂ ಬೇಜಾರಿಲ್ಲ. ಹಳೆಯ ಲ್ಯಾಟಿನ್ನಿನಲ್ಲಿ ‘ಬಯಸುವುದು’ ಎಂಬುದರ ಬಾಲಕ್ಕೆ ‘ನನಗಿತ್ತು’ ಎಂಬುದು ಅಂಟಿ, ಸವೆದು ಸವೆದು ಈ ರೂಪವಾಯಿತಂತೆ. ಮದುವೆಯಾಗಿ ಬಂದ ಇಪ್ಪತ್ತಾರು ವರ್ಷ ವಸಂತಿ ಎಲ್ಲವನ್ನೂ ಹೀಗೇ ಕೇಳಿದ್ದಳು. ಬಾಯಿಗೆ ಬೆರಳಿಟ್ಟರೂ ಕಚ್ಚದವಳು ಎಂದು ಮಾವ ಬಂದವರ ಮುಂದೆ ಹೊಗಳುತ್ತಿದ್ದರು. ಹೊಗಳಿಕೆಯಂತೆ!

ಹೋದ ವರ್ಷ ಕಾಲೇಜಿಗೆ ಇಟಲಿಯಿಂದ ಕರೆ ಬಂತು: ಒಬ್ಬ ಶಿಕ್ಷಕರಿಗೆ ಎರಡು ತಿಂಗಳ ತರಬೇತಿ, ಖರ್ಚೆಲ್ಲ ಅವರದೇ. ಪ್ರಿನ್ಸಿಪಾಲರು ಮೊದಲು ವಸಂತಿಯನ್ನೇ ಕೇಳಿದರು. ಸೋಮವಾರದೊಳಗೆ ಹೇಳಬೇಕಿತ್ತು. ಹನ್ನೊಂದು ವರ್ಷ ಕಲಿಸಿದ ಭಾಷೆಯನ್ನು ಅದರ ಊರಿನಲ್ಲೇ ಒಮ್ಮೆ ಕೇಳಬೇಕೆಂಬುದೊಂದೇ ಅವಳ ಆಸೆ.

ಹೋಟೆಲು ನಡೆಸುವ ಗಂಡ ಭುಜಂಗ ಅಡುಗೆಮನೆಯಲ್ಲಿ ಸಾಂಬಾರಿನ ರುಚಿ ನೋಡುತ್ತಿದ್ದ.

“ನಿಮಗೆ ತೊಂದರೆ ಇಲ್ಲದಿದ್ರೆ ನಂಗೊಮ್ಮೆ ಹೋಗಿ ಬರ್ಬೇಕು ಅಂತ ಇತ್ತು,” ಎಂದಳು.

“ಗಲ್ಲಾದಲ್ಲಿ ಯಾರು ಕೂರೂದು ಮಾರಾಯ್ತಿ?” ಎಂದ. ಸಿಟ್ಟಿನಿಂದಲ್ಲ, ಉಪ್ಪು ಕಡಿಮೆಯಾಗಿದೆ ಎನ್ನುವಷ್ಟೇ ಸಲೀಸಾಗಿ.

“ಅದೂ ಹೌದು,” ಎಂದಳು ವಸಂತಿ. ಅಂದ ಮರುಕ್ಷಣ ತನ್ನ ನಾಲಿಗೆಯನ್ನೇ ಕಿತ್ತುಕೊಳ್ಳಬೇಕೆನಿಸಿತು. ಆದರೂ ಸೋಮವಾರ ಫೋನ್ ಮಾಡಿ ಅಪೇಕ್ಷಾಳ ಹೆಸರನ್ನು ತಾನೇ ಹೇಳಿದಳು. ಅಪೇಕ್ಷಾ ಅವಳದೇ ಶಿಷ್ಯೆ, ಈಗ ಅದೇ ಕಾಲೇಜಿನಲ್ಲಿ ಕಲಿಸುವವಳು. ಆ ಹುಡುಗಿ ಮನೆಯಲ್ಲಿ ಯಾರನ್ನೂ ಕೇಳಲಿಲ್ಲ, ಹೋಗುತ್ತಿದ್ದೇನೆ ಎಂದು ತಿಳಿಸಿದಳು, ಅಷ್ಟೇ. ಅಲ್ಲೇನೂ ಆಕಾಶ ಕಳಚಿ ಬೀಳಲಿಲ್ಲ. ವಸಂತಿಗೆ ಹೊಟ್ಟೆ ಉರಿದದ್ದು ಅದಕ್ಕೇ.

ಅಪೇಕ್ಷಾ ವಿಮಾನ ಹತ್ತಿದ ವಾರವೇ ಹೊಸ ತರಗತಿಗೆ ವೊರ್ರೇಯಿ ಪಾಠವಿತ್ತು. ಮಕ್ಕಳು ಒಂದು ಕಾಫಿ ಬೇಕಾಗಿತ್ತು ಎಂದು ಇಟಾಲಿಯನ್ನಿನಲ್ಲಿ ಹತ್ತು ಸಲ ಒಕ್ಕೊರಲಿನಿಂದ ಹೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು.

“ಮೇಡಂ, ಇಷ್ಟು ಮೆತ್ತಗೆ ಕೇಳಿದ್ರೆ ಕೊಡ್ತಾರಾ?”

ವಸಂತಿ ಬೋರ್ಡು ಒರೆಸಿದಳು.

“ಕಾಫಿಯಾದ್ರೆ ಕೊಡ್ತಾರೆ,” ಎಂದಳು.