ತಲಿ ದಾಟಿದ ಜಾಡಿ

ಸೇಡಂದಾಗ ನಮ್ಮ ಅಡಿಗಿಮನಿ ಗ್ವಾಡಿಗೆ, ಆಳೆತ್ತರಕ್ಕಿಂತ ಮ್ಯಾಲ, ಒಂದು ಶಹಾಬಾದ ಫರಸಿಕಲ್ಲು ಕೂಡಿಸ್ಯಾರ. ಕೂಡಿಸಿದವರು ನಮ್ಮ ಮಾವ. ಬೆಕ್ಕಿಗೂ ಸಿಗಬಾರದು, ಹುಡುಗರಿಗೂ ಸಿಗಬಾರದು ಅಂತ ಅಷ್ಟು ಎತ್ತರ. ಅದರ ಮ್ಯಾಲ ವರ್ಷದ ಮಾವಿನಕಾಯಿ ಉಪ್ಪಿನಕಾಯಿ ಜಾಡಿ ಇರ್ತದ. ನಾನು ಈ ಮನಿಗಿ ಸೊಸಿಯಾಗಿ ನಡಿಲಿಕ್ಕೆ ಬಂದಾಗಿಂದ ಒಂದೇ ಕಾಯಿದೆ: ಆ ಜಾಡಿ ಯಾರು ಎತ್ತಿ ಇಡ್ತಾರೋ ಅಡಿಗಿಮನಿ ಅವರದು. ನಮ್ಮ ಅತ್ತಿ ತನ್ನ ಕೈಲೆ ಆಗೂ ತನಕ ಇಟ್ಟಳು. ಆಮ್ಯಾಲ ಒಂದು ವರ್ಷ ಜಾಡಿ ನನ್ನ ಕೈಯಾಗ ಕೊಟ್ಟು, "ನೀ ಇಡು" ಅಂದಳು. ಅಷ್ಟೇ. ಆಶೀರ್ವಾದ ಇಲ್ಲ, ಬುದ್ಧಿಮಾತು ಇಲ್ಲ. ಮರುದಿನದಿಂದ ಇವತ್ತೇನು ಅಡಿಗಿ ಅಂತ ಎಲ್ಲರೂ ನನ್ನನ್ನ ಕೇಳಾಕತ್ತಿದರು.

ಸ್ಟೂಲ್ ಹತ್ತಿ ಇಡಬಹುದಲ್ಲ ಅಂತ ನೀವು ಕೇಳಬಹುದು. ನಮ್ಮ ನೆಗೆಣ್ಣಿ ಹಂಗೇ ಮಾಡಿ ಬಿದ್ದಳು. ಆಕಿ ಸೊಂಟ ಇನ್ನೂ ಮಾತಾಡ್ತದ.

ಹೋದ ವರ್ಷ ಮಾವಿನ ಹಂಗಾಮದಾಗ ನಾನು ಎಂದಿನಂಗ ಜಾಡಿ ಎತ್ತಿದೆ. ಎದಿ ತನಕ ಬಂತು, ತಲಿ ತನಕ ಬಂತು, ಅಲ್ಲಿ ನಿಂತಿತು. ವಾಡಿ ಜಂಕ್ಷನ್‌ದಾಗ ಗಾಡಿ ನಿಲ್ತದಲ್ಲ, ಯಾಕ ನಿಂತದ ಗೊತ್ತಿಲ್ಲ, ಯಾವಾಗ ಬಿಡ್ತಾರ ಗೊತ್ತಿಲ್ಲ, ಹಂಗ. ಬಲಗಡಿ ಹೆಗಲು ಜಂಗು ತಿಂದ ಬಾಗಲಾಗಿತ್ತು. ಮ್ಯಾಲ ಹೋಗವಲ್ದು, ಕೆಳಗ ಇಳೀವಲ್ದು. ಜಾಡಿ ತಲಿ ಮ್ಯಾಲ ಹೊತ್ತುಕೊಂಡು, "ಯಾರರ ಬರ್ರಿ" ಅಂತ ಒದರಿದೆ.

ಬಂದಾಕಿ ಸೊಸಿ. ಚಿತ್ತಾಪುರದಾಕಿ. ಕೆಲಸಕ್ಕೂ ಗಟ್ಟಿ, ಮಾತಿಗೂ ಗಟ್ಟಿ, ಉಪ್ಪು ಮಾತ್ರ ಕೈ ಹಿಡಿದು ಹಾಕ್ತಾಳ. ಜಾಡಿ ಇಳಿಸಿ ಫ್ರಿಜ್ಜಿನ ಬಾಜೂಕ ನೆಲದ ಮ್ಯಾಲ ಇಟ್ಟಳು. ಆ ವರ್ಷ ಪೂರ್ತಿ ಜಾಡಿ ಅಲ್ಲೇ ಕುಂತಿತು. ನಾನು ಅದರ ಮುಂದ ಹಾಯುವಾಗೆಲ್ಲ ಅದು ನನ್ನ ನೋಡಿದಂಗ ಆಗ್ತಿತ್ತು.

ಒಂದಿನ ಊಟಕ್ಕ ಕುಂತಾಗ ಸೊಸಿ ಮಾತು ತಗದಳು.

"ಅತ್ತಿ, ಆ ಕಲ್ಲು ತಗಿಸಿ ಕೈಗಿ ಸಿಗೂವಂಗ ಒಂದು ಕಪಾಟ ಮಾಡಿಸೂಣ್ರಿ. ಯಾರ ಸಲುವಾಗಿ ಅಷ್ಟು ಮ್ಯಾಲ ಇಡಬೇಕು? ಬೆಕ್ಕೂ ಮುದುಕಿ ಆಗ್ಯಾದ."

"ಬೆಕ್ಕು ಆಗ್ಯಾದ. ನಾ ಆಗಿಲ್ಲ."

"ಹಂಗಾರ ನೀವೇ ಇಡ್ರಿ. ಬರೂ ಹಂಗಾಮಕ್ಕ ತುಂಬಿದ ಜಾಡಿ ನೀವೊಬ್ಬರೇ ಎತ್ತಿ ಇಟ್ರ ಕಲ್ಲು ಇರ್ಲಿ. ಇಲ್ಲಂದ್ರ ಕಲ್ಲು ಕೀಳಲಿಕ್ಕೆ ಗೌಂಡಿ ಬರ್ತಾನ."

"ಬರ್ಲಿ. ಚಹಾ ಕುಡಿದು ಹೋಗ್ಲಿ."

ನನ್ನ ಮಗ ಗಂಗಾಳ ಎತ್ತಿಕೊಂಡು ಪಡಸಾಲಿಗೆ ಹೋದ. ಆ ವಿಷಯದಾಗ ಅವ ಶಾಣ್ಯಾ.

ಕಲಬುರ್ಗಿ ಡಾಕ್ಟರು ಹೆಗಲಿನ ಫೋಟೋ ತಗಿಸಿ ನೋಡಿ, "ಏನೂ ಹರಿದಿಲ್ಲ, ಬಿಗಿದದ, ಆಡಸ್ರಿ" ಅಂದರು. ಹೆಂಗ ಆಡಸಬೇಕು ಅಂತ ಹೇಳಿದಾಕಿ ನನ್ನ ಮಮ್ಮಗಳು, ಇದೇ ಸೊಸಿ ಮಗಳು. ಆಟದ ಮಾಸ್ತರಿಣಿ ಆಗಬೇಕಂತ ಕಲಬುರ್ಗ್ಯಾಗ ಓದತಾಳ, ಶನಿವಾರ ಮನಿಗಿ ಬರ್ತಾಳ. ಆಕಿ ಭುಜ ನೋಡಿ ಚಿತ್ತಾಪುರದ ಬೀಗರು ಮೊದಲ ಹೆದರಿದ್ದರು.

"ಆಯಿ, ಎಣ್ಣಿ ತಿಕ್ಕಿದ್ರ ಇದು ಆಗಂಗಿಲ್ಲ. ಎತ್ತಿದ್ರ ಆಗ್ತದ" ಅಂದಳು.

"ಏನು ಎತ್ತಲಿ?"

"ಮೊದಲ ಬರೇ ಕೈ ಎತ್ತು."

ಗ್ವಾಡಿ ಮುಂದ ನಿಲ್ಲಿಸಿ ಬೆರಳಿಲೆ ಗ್ವಾಡಿ ಹತ್ತಿಸಿದಳು, ಹಲ್ಲಿ ಹತ್ತಿದಂಗ. ಛಳಿಗಾಲ ಬರೂದ್ರಾಗ ಕೈ ಪೂರಾ ಮ್ಯಾಲ ಹೋಗಾಕತ್ತಿತು. ಆಮ್ಯಾಲ ಒಂದು ಜೋಡಿ ಡಂಬೆಲ್ ತಂದಳು. ಗುಲಾಬಿ ಬಣ್ಣದವು, ಕೂಸಿನ ಗಿಲಕಿಯಂಗ ಸಣ್ಣವು. ಇವನ್ನ ಎತ್ತಿ ನಾನೇನು ಕಿಸೀಲಿ ಅಂದುಕೊಂಡೆ. ಹತ್ತು ಸಲ ಎತ್ತೂದ್ರಾಗ ಬಲಗೈ ಸೋತು ಕೆಳಗ ಇಳೀತು. ಎಡಗೈ ಮಾತ್ರ ಇನ್ನೂ ಎತ್ತಾಕತ್ತಿತ್ತು.

"ಎಡಗೈ ಇಷ್ಟು ಗಟ್ಟಿ ಹೆಂಗ ಆಯಿ? ಎಲ್ಲರಿಗೂ ಬಲಗೈ ಗಟ್ಟಿ ಇರ್ತದ."

"ದಿನಾ ಮುಂಜಾನಿ ಲಿಂಗಪೂಜಿಗೆ ಎಡಗೈ ಕಣ್ಣಿನ ಮಟ್ಟ ಹಿಡಿದು ಕೂಡ್ತೀನಿ. ನಿನ್ನಂಗ ಮೊಬೈಲ್ ಹಿಡಿದಿಲ್ಲ."

ಆಕಿ ನಕ್ಕಳು, ಆದ್ರ ಮಾತು ಮನಸಿಗೆ ತಗೊಂಡಳು. ಅಂದಿನಿಂದ ಬಲಗೈಗಿ ಒಂದು ಸುತ್ತು ಹೆಚ್ಚಿಗಿ ಕೊಟ್ಟಳು.

ಡಂಬೆಲ್ ಸಸಾರ ಆದ ಮ್ಯಾಲ ಜಿಮ್ಮಿಗಿ ಕರಕೊಂಡು ಹೋದಳು. ನಮ್ಮೂರಾಗೇ ಒಂದು ಹಾರ್ಡ್‌ವೇರ್ ಅಂಗಡಿ ಮ್ಯಾಲ ಅದ, ಮಧ್ಯಾಹ್ನ ಹೆಣ್ಣುಮಕ್ಕಳ ಟೈಮ್. ಸೀರಿ ಸೆರಗು ಸೊಂಟಕ್ಕ ಸಿಗಿಸಿ, ಮಮ್ಮಗಳ ಹಳೀ ಬೂಟು ಹಾಕಿಕೊಂಡು ಹೋದೆ. ಪ್ಲೇಟ್ ಹಾಕದ ಸಣ್ಣ ರಾಡು ಕೊಟ್ಟಳು. ಎದಿ ಮ್ಯಾಲ ಹಿಡಕೊಂಡು ನಿಂತು, ಬಾಜೂಕ ಇದ್ದ ಹುಡುಗಿಗೆ ಕೇಳಿದೆ, "ಇಲ್ಲಿ ಸಿಂಬಿ ಎಲ್ಲಿ ಇಡ್ತೀರಿ?"

ಯಾರಿಗೂ ತಿಳೀಲಿಲ್ಲ. ತಲಿ ಮ್ಯಾಲ ಭಾರ ಇಡುವಾಗ ಅರಿವಿ ಸುತ್ತಿ ಇಟ್ಟುಕೋತೀವಲ್ಲ, ಆ ಸಿಂಬಿ ಅಂತ ಬಿಡಿಸಿ ಹೇಳಿದೆ. ಒಬ್ಬಾಕಿ ಮಾರಿ ಮ್ಯಾಲ ಟಾವೆಲ್ ಇಟ್ಟುಕೊಂಡು ನಕ್ಕಳು.

"ಆಯಿ, ಇದು ತಲಿ ಮ್ಯಾಲ ಇಡೂದಲ್ಲ. ತಲಿ ದಾಟಿ ಹೋಗಬೇಕು" ಅಂದಳು ಮಮ್ಮಗಳು.

ಹೇಳೂದು ಸಸಾರ. ನಾನು ಎತ್ತಿದಾಗೆಲ್ಲ ರಾಡು ತಲಿ ಸಮೀಪ ಬಂದು ನಿಲ್ತಿತ್ತು. ಶಕ್ತಿ ಇದ್ದಿಲ್ಲ ಅಂತಲ್ಲ. ಅಲ್ಲಿಗೆ ಕೆಲಸ ಮುಗೀತು ಅಂತ ನನ್ನ ಮೈ ತಿಳಕೊಂಡಿತ್ತು. ಸಣ್ಣಾಕಿ ಇದ್ದಾಗಿಂದ ನಾನು ಹೊತ್ತದ್ದೆಲ್ಲ ತಲಿಗಿ ಬಂದು ನಿಂತದ: ಬಾವಿ ನೀರು, ಜ್ವಾಳದ ಹೊರಿ, ತೊಗರಿ ಕಟ್ಟಿಗಿ, ಮನಿ ಕಟ್ಟುವಾಗ ಕಲ್ಲಿನ ಬುಟ್ಟಿ. ನೆಲದಿಂದ ತಲಿ ತನಕ ಎತ್ತಲಿಕ್ಕೆ ಇನ್ನೊಬ್ಬಾಕಿ ಇರ್ತಾಳ. "ಒಂದು ಕೈ ಹಚ್ಚವ್ವ" ಅಂದ್ರ ವೈರಿ ಇದ್ದಾಕಿನೂ ಬಂದು ಕೈ ಹಚ್ಚಬೇಕು, ಅದು ಹೊಲದ ಕಾಯಿದೆ. ತಲಿಗಿ ಬಂದ ಮ್ಯಾಲ ಕುತ್ತಿಗಿ ನೆಟ್ಟಗ, ಮುಂದ ನಡಿ. ಅದರ ಮ್ಯಾಲ ಏನು ಅದ? ಆಕಾಶ ಅದ. ಅಲ್ಲಿ ನಮಗೇನು ಕೆಲಸ?

ಆ ಜಾಡಿನೂ ನಾನು ಇಷ್ಟು ವರ್ಷ ತಲಿ ಮ್ಯಾಲೇ ಇಟ್ಟು, ಕಾಲಬೆರಳ ತುದಿ ಮ್ಯಾಲ ನಿಂತು, ಕುತ್ತಿಗಿಲೆ ದೂಡಿ ಕಲ್ಲಿಗೆ ಸರಿಸ್ತಿದ್ದೆ. ಹೆಗಲಿಗೆ ಕೆಲಸಾನೇ ಕೊಟ್ಟಿದ್ದಿಲ್ಲ. ಇದು ನನಗ ಜಿಮ್ಮಿನ್ಯಾಗ ತಿಳೀತು.

ಇನ್ನೊಂದು ತಪ್ಪು. ತಲಿ ಅಲ್ಲಾಡಸಬಾರದು, ಅಲ್ಲಾಡಿದ್ರ ಕೊಡ ಬೀಳ್ತದ ಅಂತ ಕಲಿತಾಕಿ ನಾನು. ರಾಡು ಮ್ಯಾಲ ಬರುವಾಗ ತಲಿ ಕಂಬದಂಗ ನಿಲ್ಲಿಸಿದೆ. ರಾಡು ಬಂದು ಗದ್ದಕ್ಕ ಬಡೀತು. ಎರಡನೇ ಸಲನೂ ಬಡೀತು. ಮಮ್ಮಗಳು ತಲಿ ಹಿಡಕೊಂಡು ಕುಂತಳು.

"ಕಾಲು ಗಟ್ಟಿ ಊರು, ಹೊಟ್ಟಿ ಬಿಗಿ ಹಿಡಿ, ಮೊಣಕೈ ರಾಡಿನ ಕೆಳಗೇ ಇರ್ಲಿ. ತಲಿ ಒಂಚೂರು ಹಿಂದ ತಗೊ. ರಾಡು ದಾಟಿ ಹೋತಂದ್ರ ತಲಿ ಮುಂದ ತಾ. ನೀ ಬಾಗಲದಾಗ ನಿಂತು ಹಣಿಕಿ ಹಾಕ್ತಿಯಲ್ಲ, ಯಾರ ಮನಿಗಿ ಯಾರು ಬಂದ್ರು ಅಂತ. ಹಂಗ."

ಹಣಿಕಿ ಹಾಕೂದು ನನಗ ಕಲಿಸಬೇಕಾಗಿಲ್ಲ. ಆ ಸಲ ರಾಡು ಗದ್ದಕ್ಕ ಬಡೀಲಿಲ್ಲ. ತಲಿ ಹಿಂದ ಹೋತು, ರಾಡು ದಾಟಿತು, ನಾನು ಎರಡೂ ಕೈ ನಡುವ ಹಣಿಕಿ ಹಾಕಿ ನೋಡಿದೆ. ಎದುರಿನ ಕನ್ನಡ್ಯಾಗ ಒಬ್ಬ ಮುದುಕಿ ಇದ್ದಳು, ಬೂಟು ಹಾಕಿಕೊಂಡು.

ಆಮ್ಯಾಲ ನಾನು ಅತಿ ಮಾಡಿದೆ. ಮಮ್ಮಗಳು ಒಂದಿನ ಬಿಟ್ಟು ಒಂದಿನ ಅಂದಿದ್ದಳು. ಆಕಿ ಕಲಬುರ್ಗಿಗೆ ಹೋದ ಕೂಡ್ಲೆ ಮನ್ಯಾಗ ಡಂಬೆಲ್ ದಿನಾ ಎತ್ತಿದೆ, ಎರಡು ಹೊತ್ತು ಎತ್ತಿದೆ. ಹೆಗಲು ಮತ್ತ ಹಿಡಕೊಂಡಿತು. ಶನಿವಾರ ಬಂದಾಕಿ ನನ್ನ ಮಾರಿ ನೋಡೇ ಗುರ್ತು ಹಿಡಿದಳು.

"ಆಯಿ, ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗ ಇಡ್ತೀರೇನು?"

"ಇಡಂಗಿಲ್ಲ. ಬಸವಣ್ಣನ ವಾರ."

"ಮತ್ತ ನಿನ್ನ ಹೆಗಲು ಏನು ಪಾಪ ಮಾಡ್ಯಾದ?"

ಒಂದು ವಾರ ಡಂಬೆಲ್ ಮುಟ್ಟಲಿಲ್ಲ. ಹೊಳ್ಳಿ ಸುರು ಮಾಡಿದಾಗ ಮೊದಲಿಗಿಂತ ಹಗುರ ಅನಿಸಿತು. ಮಮ್ಮಗಳು ಖಾಲಿ ಆಗಿದ್ದ ಜಾಡಿಗೆ ಉಪ್ಪು ತುಂಬಿ ಕಿರಾಣಿ ಅಂಗಡಿ ತಕ್ಕಡ್ಯಾಗ ತೂಗಿಸಿಕೊಂಡು ಬಂದಳು. ಅಷ್ಟು ತೂಕ ಬರೂ ತನಕ ಸ್ವಲ್ಪ ಸ್ವಲ್ಪ ಏರಿಸಿದಳು. ಒಂದು ಭಾರಕ್ಕ ಕೈ ಸೋತ್ರ ಹಿಂದಿನದಕ್ಕ ಇಳಿಸಿ ಮತ್ತ ಏರಿಸಿದಳು. ಕಡಿಗೆ ಒಂದು ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿ ಕೊಟ್ಟಳು. ರಾಡು ಸುಮ್ಮನಿರ್ತದ, ನೀರು ಅಲ್ಲಾಡ್ತದ, ಜಾಡ್ಯಾಗಿನ ಎಣ್ಣಿನೂ ಅಲ್ಲಾಡ್ತದ ಅಂತ. ಮುಂಜಾನಿ ತಿನ್ನಲಿಕ್ಕೆ ನೆನೆಸಿದ ಶೇಂಗಾ, ಮೊಳಕಿ ಬಂದ ಹೆಸರು, ಮೊಸರು. ಇವನ್ನೆಲ್ಲ ತಯಾರು ಮಾಡಿ ನನ್ನ ಮುಂದ ಇಟ್ಟಾಕಿ ಸೊಸಿನೇ. ಸೋಲಿಸಬೇಕಂದಾಕಿ ಉಣಿಸಾಕತ್ತಿದ್ದಳು.

ಹಂಗಾಮ ಬಂದಾಗ ಮಾವಿನಕಾಯಿ ತಂದಾಕಿ ನನ್ನ ತಂಗಿ. ಸುಲೇಪೇಟದಾಕಿ. ಐನಾಪುರ ಕಡಿ ಅವರ ಹೊಲದಾಗ ಗಿಡ ಅವ. ಚೀಲ ಹೊತ್ತು ಬಸ್ಸಿಳಿದು ಬಂದಾಕಿ ನನ್ನ ರೆಟ್ಟಿ ಹಿಚುಕಿ ನೋಡಿದಳು.

"ಅಕ್ಕ, ಮುಪ್ಪಿನ ಕಾಲಕ್ಕ ಪೈಲ್ವಾನ ಆದಿ. ಇನ್ನ ಕುಸ್ತಿ ಯಾರ ಕೂಡ?"

"ಕಲ್ಲಿನ ಕೂಡ."

"ಕಲ್ಲು ಗೆಲ್ತದ ಬಿಡು."

ಕಾಯಿ ಹೆಚ್ಚಿ, ಒರಸಿ, ಸಾಸಿವಿ ಕುಟ್ಟಿ, ಖಾರ, ಎಣ್ಣಿ ಹಾಕಿ ಕಲಿಸಿದೆವು. ಉಪ್ಪು ನಾನೇ ಹಾಕಿದೆ. ಜಾಡಿ ತುಂಬಿ ಬಾಯಿಗೆ ಅರಿವಿ ಬಿಗಿದು ಒಲಿಕಟ್ಟಿ ಮ್ಯಾಲ ಇಟ್ಟೆವು. ಗೌಂಡಿ ಅದೇ ದಿನ ಅಳತಿ ಟೇಪು ಹಿಡಕೊಂಡು ಬಂದು ಪಡಸಾಲ್ಯಾಗ ಚಹಾ ಕುಡೀತಾ ಕುಂತಿದ್ದ. ಸೊಸಿ ಕರೆಸಿದ್ದಳು. ಆಕಿ ಕೆಲಸ ಹಂಗೇ, ಎಲ್ಲಾ ವ್ಯಾಳ್ಯಾಕ್ಕ ಸರಿ.

ಜಾಡಿ ಎತ್ತಿದೆ. ಎದಿಗಿ ಬಂತು. ಕಾಲು ಊರಿದೆ, ಹೊಟ್ಟಿ ಬಿಗಿ ಹಿಡಿದೆ, ದೂಡಿದೆ. ತಲಿ ಸಮೀಪ ಬಂದು ಮತ್ತ ನಿಂತಿತು. ಹಳೀ ಚಟ ಎಲ್ಲಿ ಹೋಗ್ತದ. ಎಣ್ಣಿ ಒಂದು ಕಡಿ ಸರೀತು, ಜಾಡಿ ವಾಲಿತು. ಅಷ್ಟರಾಗ ನನ್ನ ತಂಗಿ, ಜೀವಮಾನ ಎಲ್ಲ ಮಾಡಿದಂಗ, ಎರಡೂ ಕೈ ಚಾಚಿ ಬಂದಳು.

"ತಡಿ ಅಕ್ಕ, ಒಂದು ಕೈ ಹಚ್ತೀನಿ."

ಆಕಿ ಮುಟ್ಟಿದ್ದರ ಕಲ್ಲು ಹೋಗ್ತಿತ್ತು. ನನಗ ಬ್ಯಾಡ ಅನ್ನಲಿಕ್ಕೆ ಉಸಿರು ಇದ್ದಿಲ್ಲ, ಉಸಿರು ಹೊಟ್ಟ್ಯಾಗ ಬಿಗಿ ಹಿಡಿದಿದ್ದೆ.

"ಮುಟ್ಟಬ್ಯಾಡ್ರಿ ಸಣ್ಣತ್ತಿ" ಅಂದಳು ಸೊಸಿ. ತಂಗಿ ಕೈ ಹಿಡಿದು ಹಿಂದ ಎಳೆದಳು. ಆಮ್ಯಾಲ ನನ್ನ ಕಡಿ ತಿರುಗಿ, "ಹಣಿಕಿ ಹಾಕ್ರಿ ಅತ್ತಿ" ಅಂದಳು.

ಮಗಳಿಂದ ಯಾವಾಗ ಕೇಳಿ ಇಟ್ಟುಕೊಂಡಿದ್ದಳೋ ಏನೋ. ತಲಿ ಹಿಂದ ತಗೊಂಡೆ, ಜಾಡಿ ಮಾರಿ ಮುಂದ ಹಾದು ಮ್ಯಾಲ ಹೋತು, ಕೈ ಪೂರಾ ನೆಟ್ಟಗಾದವು, ಹಣಿಕಿ ಹಾಕಿದೆ. ಕಲ್ಲು ಅಲ್ಲೇ ಇತ್ತು. ಜಾಡಿ ತಳ ಫರಸಿಗೆ ತಾಗಿ ಗರ್ ಅಂದಿತು. ಒಳಗ ಸರಿಸಿ ಕೈ ಬಿಟ್ಟೆ.

ಪಡಸಾಲ್ಯಾಗಿಂದ ಗೌಂಡಿ ಕೇಳಿದ, "ಅಳತಿ ತಗೋಲೇನ್ರಿ?"

"ಬ್ಯಾಡ" ಅಂದಳು ಸೊಸಿ. "ಬಚ್ಚಲದ ಬಾಗಲ ನೆಲಕ್ಕ ತಿಕ್ಕಾಕತ್ತದ, ಅದನ್ನ ಮಾಡಿ ಹೋಗಪ್ಪ."

ತಂಗಿ ನನ್ನ ಹೆಗಲು ಮುಟ್ಟಿ, "ನಾ ಕೈ ಹಚ್ಚಿದ್ರ ಲಗೂ ಆಗ್ತಿತ್ತು" ಅಂತ ಇನ್ನೂ ಅನ್ನಾಕತ್ತಿದ್ದಳು. ಆಕಿಗಿ ಕಡಿಗೂ ತಿಳೀಲಿಲ್ಲ.

ಉಪ್ಪಿನಕಾಯಿ ಬಲಿತ ಮ್ಯಾಲ ಜಾಡಿ ಇಳಿಸಿ ದಿನದ ಸಣ್ಣ ಬರಣಿಗೆ ತಗದುಕೊಟ್ಟೆ. ಹೊಳ್ಳಿ ಇಡೂ ಮುಂದ ಸೊಸಿ ಬಂದು ನಿಂತಳು. "ನಾ ಒಂದು ಸಲ ನೋಡ್ಲೇನ್ರಿ?" ಅಂದಳು. ನೋಡು ಅಂದೆ. ಎದಿಗಿ ಎತ್ತಿದಳು, ತಲಿ ತನಕ ಒಯ್ದಳು, ಅಲ್ಲಿ ನಿಂತಳು. ಆಕಿನೂ ಚಿತ್ತಾಪುರದಾಗ ಬೋರಿನ ನೀರು ಹೊತ್ತಾಕಿನೇ. ಕುತ್ತಿಗಿ ನೆಟ್ಟಗ, ಜಾಡಿ ನೆತ್ತಿ ಮ್ಯಾಲ, ಕಣ್ಣು ನನ್ನ ಕಡಿ.

ಇಸಕೊಂಡು ನಾನೇ ಇಟ್ಟೆ. ಗುಲಾಬಿ ಡಂಬೆಲ್ ಈಗ ಆಕಿ ಹತ್ರ ಅವ. ಸೋಮವಾರ ಮುಟ್ಟಬ್ಯಾಡ ಅಂತ ಹೇಳೀನಿ. ಭಾರ ತಲಿ ದಾಟಿದ ದಿನ ಜಾಡಿ ಆಕಿ ಕೈಯಾಗ ಕೊಟ್ಟು, "ನೀ ಇಡು" ಅಂತೀನಿ. ಅಲ್ಲಿ ತನಕ ಉಪ್ಪು ನಾನೇ ಹಾಕ್ತೀನಿ.